ಹಗ್ಗ ಎಳೆದರೂ ಏಳದ ಗರಗಸ

ಮಲೆನಾಡಿನ ಎಷ್ಟೋ ಮನೆಗಳ ಅಟ್ಟದಲ್ಲಿ ಕೊಳಗ, ಲಾಂದ್ರ, ಮುರಿದ ತೊಟ್ಟಿಲುಗಳ ಪಕ್ಕ ಗೋಣಿಚೀಲ ಸುತ್ತಿಟ್ಟ ಒಂದು ಚೈನ್ ಸಾ ಇರುತ್ತದೆ. ಗಾಳಿಮಳೆಗೆ ರಸ್ತೆಗೆ ಅಡ್ಡ ಬಿದ್ದ ಮರವನ್ನು ಕೊಯ್ದು ದಾರಿ ಬಿಡಿಸಿದ, ಕಾಫಿ ತೋಟದ ಮರಗಸಿ ಮುಗಿಸಿದ, ವರ್ಷ ವರ್ಷವೂ ಮಳೆಗಾಲದ ಸೌದೆ ಪೂರೈಸಿದ ಯಂತ್ರ ಅದು. ಒಂದು ದಿನ ಹಗ್ಗ ಎಳೆದರೆ ಏಳಲಿಲ್ಲ. ಇಪ್ಪತ್ತು ಸಲ ಎಳೆದವರ ರಟ್ಟೆ ಸೋತಿತು. ‘ಎಂಜಿನ್ ಹೋಯ್ತು’ ಎಂದು ಯಾರೋ ಅಂದರು. ಗರಗಸ ಅಟ್ಟ ಹತ್ತಿತು.

ಹೀಗೆ ಮೂಲೆ ಸೇರಿದ ಗರಗಸವನ್ನು ಕೆಳಗಿಳಿಸಿ ಮತ್ತೆ ದುಡಿಸುವುದು ಎಟುಕದ ವಿದ್ಯೆಯೇನಲ್ಲ. ಆದರೆ ಅದಕ್ಕೊಂದು ಕ್ರಮ ಇದೆ. ಸೀದಾ ಅಂಗಡಿಗೆ ಹೋಗಿ ಹೊಸ ಪ್ಲಗ್ಗು, ಹೊಸ ಕಾರ್ಬುರೇಟರ್, ಹೊಸ ಪಿಸ್ಟನ್ ತಂದು ಒಂದೊಂದನ್ನೇ ಹಾಕಿ ನೋಡುವವರು ದುಡ್ಡನ್ನೂ ಕಳೆದುಕೊಳ್ಳುತ್ತಾರೆ, ಕೆಲವೊಮ್ಮೆ ಯಂತ್ರವನ್ನೂ ಕಳೆದುಕೊಳ್ಳುತ್ತಾರೆ. ಪಳಗಿದ ಮೆಕ್ಯಾನಿಕ್ಕು ಪಾನಾ ಕೈಗೆತ್ತಿಕೊಳ್ಳುವ ಮೊದಲೇ ಒಂದು ಪ್ರಶ್ನೆ ಕೇಳುತ್ತಾನೆ: ಯಾಕೆ ನಿಂತಿತು?

ಉತ್ತರದ ಮೊದಲ ತುಂಡು ಸೈಲೆನ್ಸರ್ ಹಿಂದೆ ಇರುತ್ತದೆ. ಎರಡು ಮೂರು ಬೋಲ್ಟು ಬಿಚ್ಚಿದರೆ ಸೈಲೆನ್ಸರ್ ಕೈಗೆ ಬರುತ್ತದೆ. ಅದರ ಹಿಂದೆ ಹೊಗೆ ಹೊರಗೆ ಬರುವ ಕಿಂಡಿ. ಅದರೊಳಕ್ಕೆ ಟಾರ್ಚು ಬಿಟ್ಟು ಹಗ್ಗವನ್ನು ಮೆಲ್ಲಗೆ ಎಳೆದರೆ ಪಿಸ್ಟನ್ ಮೇಲೆ ಕೆಳಗೆ ಓಡಾಡುವುದು ಕಾಣುತ್ತದೆ. ಪಿಸ್ಟನ್ನಿನ ಮೈಮೇಲೆ ಲೇತಿನಲ್ಲಿ ಕಡೆದ ಸಣ್ಣ ಅಡ್ಡಗೆರೆಗಳು ಇನ್ನೂ ಉಳಿದಿದ್ದರೆ ಮಾಲೀಕ ನೆಮ್ಮದಿಯಿಂದ ಉಸಿರು ಬಿಡಬಹುದು. ಅಲ್ಲಿ ಮೇಲಿಂದ ಕೆಳಕ್ಕೆ ಉದ್ದುದ್ದ ಗೀರು ಬಿದ್ದು, ಬೂದು ಬಣ್ಣದ ಅಲ್ಯೂಮಿನಿಯಂ ಕಲಸಿ ಬಳಿದಂತೆ ಕಂಡರೆ ಎಂಜಿನ್ ಸೀಜ್ ಆಗಿದೆ ಎಂದೇ ಅರ್ಥ. ಹತ್ತು ನಿಮಿಷದ ಈ ನೋಟ ಮುಂದಿನ ಖರ್ಚು ನೂರರ ಲೆಕ್ಕದ್ದೋ ಸಾವಿರದ ಲೆಕ್ಕದ್ದೋ ಎಂದು ಹೇಳಿಬಿಡುತ್ತದೆ.

ಇನ್ನೊಂದು ಪರೀಕ್ಷೆಗೆ ಯಾವ ಸಲಕರಣೆಯೂ ಬೇಡ. ಪ್ಲಗ್ಗು ಬಿಗಿದೇ ಇರಲಿ. ಗರಗಸವನ್ನು ಹಗ್ಗದ ಹಿಡಿಯಲ್ಲಿ ಹಿಡಿದು ಎತ್ತಬೇಕು. ದಮ್ಮಿರುವ ಎಂಜಿನ್ ತನ್ನ ತೂಕವನ್ನು ತಾನೇ ತಡೆದುಕೊಂಡು, ತಡೆ ತಡೆದು ಕೆಳಗಿಳಿಯುತ್ತದೆ. ದಮ್ಮು ಹೋದದ್ದು ಬಾವಿಗೆ ಬಿಟ್ಟ ಕೊಡದ ಹಾಗೆ ಸರ್ರನೆ ಇಳಿಯುತ್ತದೆ. ಕಂಪ್ರೆಶನ್ ಗೇಜ್ ಇದ್ದವರಿಗೆ ಸುಮಾರು 150 ಪಿಎಸ್‌ಐ ಒಳ್ಳೆಯ ಲಕ್ಷಣ. 100ಕ್ಕಿಂತ ಕೆಳಗಿದ್ದರೆ ಹಗ್ಗ ಎಳೆದು ಪ್ರಯೋಜನವಿಲ್ಲ.

ಬಹಳಷ್ಟು ಹಳೆಯ ಗರಗಸಗಳು ಈ ಎರಡೂ ಪರೀಕ್ಷೆಗಳಲ್ಲಿ ಪಾಸಾಗುತ್ತವೆ. ಅವುಗಳ ಲೋಹ ಅಷ್ಟು ಗಟ್ಟಿ. ಜರ್ಮನಿಯ ಆಂಡ್ರಿಯಾಸ್ ಸ್ಟಿಲ್ 1929ರಲ್ಲಿ ಪೆಟ್ರೋಲ್ ಗರಗಸ ಮಾಡಿದಾಗ ಅದರ ತೂಕ 46 ಕೆ.ಜಿ. ಇತ್ತು, ಹಿಡಿಯಲು ಇಬ್ಬರು ಬೇಕಿತ್ತು. ಒಬ್ಬನೇ ಹಿಡಿದು ಕೊಯ್ಯುವ ಗರಗಸ ಸ್ಟಿಲ್ ಕಂಪನಿಯಿಂದ ಬಂದದ್ದು 1950ರಲ್ಲಿ. 1959ರಲ್ಲಿ ಬಂದ ‘ಕಾಂಟ್ರಾ’ ಮಾದರಿ ಗೇರನ್ನೇ ಕಿತ್ತುಹಾಕಿ ಎಂಜಿನ್ನಿನ ತಿರುಗಣಿಯಿಂದ ನೇರವಾಗಿ ಚೈನು ಓಡಿಸಿತು; ತೂಕ 12 ಕೆ.ಜಿ.ಗೆ ಇಳಿಯಿತು. ಅದೇ ವರ್ಷ ಸ್ವೀಡನ್ನಿನ ಹಸ್ಕ್‌ವರ್ನಾ ತನ್ನ ಮೊದಲ ಗರಗಸವನ್ನು ಮಾರುಕಟ್ಟೆಗೆ ತಂದಿತು. ಕಾಂಟ್ರಾದ ವಂಶದ್ದೇ ಆದ 106 ಸಿ.ಸಿ.ಯ ‘070’ ಏಷ್ಯಾದ ಕಾಡುಗಳಲ್ಲಿ ದಶಕಗಟ್ಟಲೆ ದಿಮ್ಮಿ ಕೊಯ್ದಿದೆ. ಮೆಗ್ನೀಸಿಯಂ ಎರಕದ ಮೈ, ಗಟ್ಟಿ ಲೇಪನದ ಸಿಲಿಂಡರು, ಉಕ್ಕಿನ ಕ್ರ್ಯಾಂಕು: ಇವು ಅಟ್ಟದಲ್ಲಿ ಕೂತು ಹಾಳಾಗುವಂಥವಲ್ಲ. ಹಾಳಾಗುವುದು ರಬ್ಬರು. ಅದನ್ನು ಹಾಳು ಮಾಡುವುದು ಟ್ಯಾಂಕಿನಲ್ಲಿ ಬಿಟ್ಟ ಪೆಟ್ರೋಲು.

ಇದನ್ನು ತಿಳಿಯಲು ಕಾರ್ಬುರೇಟರಿನ ಒಳಗೆ ಇಣುಕಬೇಕು. ಬೈಕಿನ ಹಳೆಯ ಕಾರ್ಬುರೇಟರಿನಲ್ಲಿ ಒಂದು ಬಟ್ಟಲು, ಅದರಲ್ಲಿ ತೇಲುವ ಫ್ಲೋಟು ಇರುತ್ತದೆ. ಬೈಕು ನೆಟ್ಟಗೆ ನಿಲ್ಲುವುದರಿಂದ ಅಷ್ಟು ಸಾಕು. ಗರಗಸ ಹಾಗಲ್ಲ. ಮರ ಬೀಳಿಸುವಾಗ ಅಡ್ಡ ಮಲಗುತ್ತದೆ, ಕೊಂಬೆ ಸವರುವಾಗ ಬೋರಲಾಗುತ್ತದೆ. ಬಟ್ಟಲಿದ್ದರೆ ಪೆಟ್ರೋಲು ಚೆಲ್ಲಿಹೋಗುತ್ತದೆ. ಆದ್ದರಿಂದ ಇಲ್ಲಿ ಬಟ್ಟಲಿನ ಜಾಗದಲ್ಲಿ ಡಯಾಫ್ರಾಮ್ ಎಂಬ ಎರಡು ತೆಳು ಪೊರೆಗಳಿವೆ. ಪಿಸ್ಟನ್ ಮೇಲೆ ಹೋದಾಗ ಅದರ ಕೆಳಗಿನ ಕೋಣೆಯಲ್ಲಿ ಸೆಳೆತ, ಕೆಳಗೆ ಬಂದಾಗ ಒತ್ತಡ. ಈ ಮಿಡಿತ ಒಂದು ಸಣ್ಣ ನಾಳದ ಮೂಲಕ ಕಾರ್ಬುರೇಟರಿಗೆ ಬಂದು ಮೊದಲ ಪೊರೆಯನ್ನು ನಡುಗಿಸುತ್ತದೆ. ಆ ನಡುಕವೇ ಪಂಪಾಗಿ ಟ್ಯಾಂಕಿನಿಂದ ಪೆಟ್ರೋಲು ಎಳೆಯುತ್ತದೆ. ಎರಡನೆಯ ಪೊರೆ ಎಂಜಿನ್ ಹೀರಿದಾಗೆಲ್ಲ ಒಳಕ್ಕೆ ಬಾಗಿ, ಒಂದು ಪುಟ್ಟ ಸನ್ನೆಯನ್ನು ಒತ್ತಿ, ಸೂಜಿಯನ್ನು ಎತ್ತಿ, ಬೇಕಾದಷ್ಟೇ ಪೆಟ್ರೋಲನ್ನು ಒಳಬಿಡುತ್ತದೆ. ಮೋಟಾರಿಲ್ಲ, ವಿದ್ಯುತ್ತಿಲ್ಲ. ನೂರಾರು ಗಂಟೆಯ ದುಡಿಮೆ ಈ ಎರಡು ಪೊರೆಗಳ ಮೆದುತನದ ಮೇಲೆ ನಿಂತಿದೆ.

ಹೊಸ ಪೊರೆಯನ್ನು ಬೆರಳಲ್ಲಿ ಹಿಡಿದರೆ ಕೆಸುವಿನ ಎಳೆ ಎಲೆಯಂತೆ ಬಾಗುತ್ತದೆ. ನಾಲ್ಕಾರು ವರ್ಷ ಹಳೆಯ ಪೆಟ್ರೋಲಿನಲ್ಲಿ ಕೂತ ಪೊರೆ ಒಣ ಹಪ್ಪಳದಂತೆ ಗಟ್ಟಿ. ಬಗ್ಗಿಸಿದರೆ ಕರಕರ ಎನ್ನುತ್ತದೆ. ಅದು ನಡುಗುವುದಿಲ್ಲ, ಪೆಟ್ರೋಲು ಬರುವುದಿಲ್ಲ. ಅಲ್ಲೇ ಪಕ್ಕದಲ್ಲಿ ಕಾಳುಮೆಣಸಿನಷ್ಟು ಅಗಲದ ಒಂದು ಜಾಲರಿ ಇದೆ. ಪೆಟ್ರೋಲು ಆರಿ ಉಳಿದ ಜೇನುಬಣ್ಣದ ಅಂಟು ಅದನ್ನು ಮುಚ್ಚಿಬಿಟ್ಟಿರುತ್ತದೆ. ಪೊರೆ, ಗ್ಯಾಸ್ಕೆಟ್, ಸೂಜಿ, ಜಾಲರಿ ಎಲ್ಲ ಸೇರಿದ ರಿಪೇರಿ ಕಿಟ್ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಕಾರ್ಬುರೇಟರಿನ ಮೈಮೇಲೆ ವಾಲ್ಬ್ರೊ, ಟಿಲ್ಲಟ್ಸನ್, ಜಾಮಾ ಎಂಬ ಹೆಸರೂ ಮಾದರಿಯ ಸಂಖ್ಯೆಯೂ ಅಚ್ಚಾಗಿರುತ್ತವೆ. ಅದನ್ನು ಬರೆದುಕೊಂಡು ಹೋದರೆ ಗರಗಸ ಯಾವ ಕಂಪನಿಯದಾದರೂ ಸರಿಯಾದ ಕಿಟ್ ತರಬಹುದು. ಪೊರೆ ಮತ್ತು ಗ್ಯಾಸ್ಕೆಟ್ ಯಾವುದರ ಮೇಲೆ ಯಾವುದು ಎಂಬುದು ಅದಲುಬದಲಾದರೆ ಮತ್ತೆ ಕೈಕೊಡುತ್ತದೆ. ಆದ್ದರಿಂದ ಬಿಚ್ಚುವಾಗ ಒಂದೊಂದು ಹಂತಕ್ಕೂ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಬೇಕು. ಒಳಗಿನ ರಂಧ್ರಗಳಿಗೆ ತಂತಿ ತೂರಿಸಬಾರದು. ಕೂದಲೆಳೆಯಷ್ಟು ಅಗಲವಾದರೂ ಪೆಟ್ರೋಲಿನ ಅಳತೆ ತಪ್ಪುತ್ತದೆ. ಕ್ಲೀನರ್ ಸ್ಪ್ರೇ ಹೊಡೆದು ಗಾಳಿ ಊದಿದರೆ ಸಾಕು.

ಟ್ಯಾಂಕಿನಲ್ಲಿ ಬಿಟ್ಟ ಪೆಟ್ರೋಲು ರಬ್ಬರನ್ನು ಕೆಡಿಸುತ್ತದೆ ಎಂಬ ಮಾತಿಗೆ ಈಗ ಹೊಸ ತುರ್ತು ಬಂದಿದೆ. ಪೆಟ್ರೋಲಿಗೆ ಶೇ 20 ಎಥೆನಾಲ್ ಬೆರೆಸುವ ಗುರಿಯನ್ನು ದೇಶ 2025ರಲ್ಲೇ ಮುಟ್ಟಿದೆ. ಗರಗಸ ತಯಾರಿಸುವ ದೊಡ್ಡ ಕಂಪನಿಗಳ ಕೈಪಿಡಿಗಳು ಸಾಮಾನ್ಯವಾಗಿ ಶೇ 10ರವರೆಗಿನ ಎಥೆನಾಲಿಗೆ ಮಾತ್ರ ಒಪ್ಪುತ್ತವೆ. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ. ಆಗುಂಬೆ, ಭಾಗಮಂಡಲದಂಥ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲಿ ತೇವಕ್ಕೇನು ಕೊರತೆ? ತೇವ ಹೆಚ್ಚಾದಾಗ ನೀರೂ ಎಥೆನಾಲೂ ಒಂದಾಗಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಪೆಟ್ರೋಲು ಹೀರುವ ಫಿಲ್ಟರು ಬಿದ್ದಿರುವುದೂ ಅದೇ ತಳದಲ್ಲಿ. ಎಂಜಿನ್ ಸವೆಯದಿರಲೆಂದು ಬೆರೆಸಿದ ಟು-ಟಿ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿದುಬಿಡುತ್ತದೆ. ಆ ಸ್ಥಿತಿಯಲ್ಲಿ ಎಂಜಿನ್ ಹೇಗೋ ಎದ್ದರೂ ಎಣ್ಣೆಯಿಲ್ಲದೆ ಓಡುತ್ತದೆ. ಮೂವತ್ತು ವರ್ಷ ಹಿಂದಿನ ರಬ್ಬರು ಕೊಳವೆಗಳು ಇಂಥ ಇಂಧನಕ್ಕಾಗಿ ಮಾಡಿದವೂ ಅಲ್ಲ. ಹಾಗಾಗಿ ಹಳೆಯ ಗರಗಸ ಬಿಚ್ಚಿದ ಮೇಲೆ ಇಂಧನದ ಕೊಳವೆ, ಟ್ಯಾಂಕಿನ ಫಿಲ್ಟರು, ಕಾರ್ಬುರೇಟರಿನ ಪೊರೆ ಈ ಮೂರನ್ನೂ ಒಟ್ಟಿಗೆ ಬದಲಾಯಿಸುವುದೇ ಸರಿ.

ಎರಡು ಸ್ಟ್ರೋಕಿನ ಎಂಜಿನ್ ನಮ್ಮವರಿಗೆ ಹೊಸದೇನಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕುವವರೆಗೂ ಜಾವಾ, ಯೆಜ್ಡಿ ಬೈಕುಗಳು ಅಲ್ಲಿಂದಲೇ ಬರುತ್ತಿದ್ದವು. ಬಂಕಿನಲ್ಲಿ ಪೆಟ್ರೋಲಿಗೆ ಆಯಿಲ್ ಬೆರೆಸಿಸಿಕೊಂಡ ನೆನಪು ಒಂದು ಇಡೀ ತಲೆಮಾರಿಗೆ ಇದೆ. ಆ ಬೈಕುಗಳಲ್ಲಿ ಕೈ ಪಳಗಿಸಿಕೊಂಡ ಮೆಕ್ಯಾನಿಕ್ಕುಗಳಿಗೆ ಗರಗಸದ ಎಂಜಿನ್ ಹತ್ತಿರದ ನೆಂಟ. ಅಡಕೆ ತೋಟದಲ್ಲಿ ಹುಲ್ಲು ಹೊಡೆಯುವ ಎಷ್ಟೋ ಯಂತ್ರಗಳಲ್ಲಿ, ಬೆನ್ನಿಗೆ ಹಾಕಿ ಔಷಧಿ ಹೊಡೆಯುವ ಯಂತ್ರಗಳಲ್ಲಿ ಇರುವುದೂ ಇದೇ ಬಗೆಯ ಎಂಜಿನ್. ಆದ್ದರಿಂದ ಬಿಡಿಭಾಗಕ್ಕಾಗಿ ದೊಡ್ಡ ಊರಿಗೇ ಓಡಬೇಕೆಂದಿಲ್ಲ. ಆಯಿಲ್ ಬೆರಕೆಯ ಲೆಕ್ಕವೂ ಸರಳ. ಲೀಟರಿಗೆ 20 ಮಿ.ಲೀ. ಹಾಕಿದರೆ 50ಕ್ಕೆ 1, 40 ಮಿ.ಲೀ. ಹಾಕಿದರೆ 25ಕ್ಕೆ 1. ಹಳೆಯ ಯಂತ್ರದ ಕೈಪಿಡಿ 25ಕ್ಕೆ 1 ಎಂದಿದ್ದರೆ ಹಾಗೆಯೇ ನಡೆಯಬೇಕು.

ಕಿಡಿಯ ಪರೀಕ್ಷೆಗೆ ಪ್ಲಗ್ಗು ಬಿಚ್ಚಿ, ಅದರ ಮೈಯನ್ನು ಸಿಲಿಂಡರಿನ ಲೋಹಕ್ಕೆ ತಾಗಿಸಿ ಹಗ್ಗ ಎಳೆಯಬೇಕು. ಹತ್ತಿರದಲ್ಲಿ ಪೆಟ್ರೋಲು ಇರಕೂಡದು. ನೀಲಿ ಕಿಡಿ ಹಾರಿದರೆ ಸರಿ. ಹಾರದಿದ್ದರೆ ಕಾಯಿಲ್ ತರಲು ಓಡುವ ಮೊದಲು ಸ್ವಿಚ್ಚಿನ ತಂತಿ ಕಳಚಿ ಇನ್ನೊಮ್ಮೆ ನೋಡಬೇಕು. ಆ ತಂತಿ ಎಲ್ಲೋ ತೇದು ಮೈಗೆ ತಾಗಿಕೊಂಡಿದ್ದರೆ ಯಂತ್ರ ಸದಾ ‘ಆಫ್’ ಆಗಿಯೇ ಇರುತ್ತದೆ. 1980ಕ್ಕೂ ಹಿಂದಿನ ಎಷ್ಟೋ ಗರಗಸಗಳಲ್ಲಿ ಫ್ಲೈವೀಲಿನ ಕೆಳಗೆ ಪಾಯಿಂಟ್ ಇರುತ್ತದೆ. ಅದರ ತುದಿಗೆ ಹಿಡಿದ ಕಿಲುಬನ್ನು ಸಣ್ಣ ಪಾಲಿಶ್ ಕಾಗದದಲ್ಲಿ ಒಂದೆರಡು ಸಲ ಒರೆಸಿದರೆ ಕರೆಂಟು ಬಂದುಬಿಡುವುದೂ ಉಂಟು. ಕಾಯಿಲಿಗೂ ಫ್ಲೈವೀಲಿನ ಆಯಸ್ಕಾಂತಕ್ಕೂ ನಡುವೆ ಸುಮಾರು 0.3 ಮಿ.ಮೀ. ಸಂದು ಬೇಕು. ನಡುವೆ ಒಂದು ವಿಸಿಟಿಂಗ್ ಕಾರ್ಡು ಇಟ್ಟು ಸ್ಕ್ರೂ ಬಿಗಿದು, ಕಾರ್ಡು ಎಳೆದುಕೊಂಡರೆ ಆ ಅಳತೆ ಸಿಗುತ್ತದೆ.

ಪಿಸ್ಟನ್ನೇ ಗೀರಿಹೋಗಿದ್ದರೆ ಕೆಲಸ ದೊಡ್ಡದು. ‘ಯಾಕೆ’ ಎಂಬ ಪ್ರಶ್ನೆಯನ್ನು ಬಿಡದೆ ಕೇಳಬೇಕಾದದ್ದು ಇಲ್ಲಿಯೇ. ಎಂಜಿನ್ ಬಿಸಿಯಾಗಿ ಪಿಸ್ಟನ್ ಕರಗಲು ಮುಖ್ಯ ಕಾರಣಗಳು ಎರಡು: ಆಯಿಲ್ ಇಲ್ಲದ ಪೆಟ್ರೋಲು, ಇಲ್ಲವೇ ಎಲ್ಲಿಂದಲೋ ಒಳನುಗ್ಗುವ ಗಾಳಿ. ಕ್ರ್ಯಾಂಕಿನ ಎರಡು ತುದಿಯ ರಬ್ಬರ್ ಸೀಲು ಸವೆದರೆ, ಕಾರ್ಬುರೇಟರಿಗೂ ಸಿಲಿಂಡರಿಗೂ ನಡುವಿನ ರಬ್ಬರ್ ಬಿರಿದರೆ ಕಳ್ಳಗಾಳಿ ಸೇರುತ್ತದೆ. ಗಾಳಿ ಹೆಚ್ಚು, ಪೆಟ್ರೋಲು ಕಡಿಮೆ. ಪೆಟ್ರೋಲು ಕಡಿಮೆಯಾದರೆ ಅದರ ಜೊತೆ ಬರುವ ಆಯಿಲ್ಲೂ ಕಡಿಮೆ. ಎಂಜಿನ್ ತಾನಾಗಿಯೇ ಕಿರಿಚುತ್ತಾ ಜೋರಾಗುತ್ತದೆ. ಆಕ್ಸಿಲರೇಟರ್ ಬಿಟ್ಟರೂ ತಗ್ಗಲು ಒಪ್ಪುವುದಿಲ್ಲ. ಆ ಸದ್ದು ಕೇಳಿದವರು ತಕ್ಷಣ ಆಫ್ ಮಾಡಬೇಕು. ‘ಇವತ್ತು ಒಳ್ಳೆ ಪಿಕಪ್ ಇದೆ’ ಎಂದು ಸಂತೋಷಪಟ್ಟು ಓಡಿಸಿದರೆ ಸಂಜೆಯೊಳಗೆ ಪಿಸ್ಟನ್ ಹೋಗುತ್ತದೆ. ಹೊಸ ಪಿಸ್ಟನ್ ಹಾಕಿ ಸೀಲನ್ನು ಹಾಗೆಯೇ ಬಿಟ್ಟರೆ ಅದೂ ಅದೇ ದಾರಿ ಹಿಡಿಯುತ್ತದೆ.

ಸೋರಿಕೆ ಹುಡುಕುವ ಬಗೆ ಪಂಕ್ಚರ್ ಅಂಗಡಿಯವರು ಟ್ಯೂಬನ್ನು ನೀರಲ್ಲಿ ಅದ್ದುವ ಬಗೆಯೇ. ಸೈಲೆನ್ಸರ್ ಕಿಂಡಿಯನ್ನೂ ಕಾರ್ಬುರೇಟರ್ ಬಾಯಿಯನ್ನೂ ರಬ್ಬರ್ ತುಂಡಿನಿಂದ ಮುಚ್ಚಿ, ಒಳಕ್ಕೆ ಸ್ವಲ್ಪವೇ ಗಾಳಿ ತುಂಬಿ, ಸೀಲು ಮತ್ತು ಜೋಡಣೆಗಳ ಮೇಲೆ ಸೋಪಿನ ನೀರು ಹಚ್ಚಬೇಕು. ಗುಳ್ಳೆ ಎದ್ದ ಕಡೆ ರೋಗ ಇದೆ.

ಸಿಲಿಂಡರನ್ನು ಬೇಗ ಎಸೆಯಬೇಡಿ ಎಂದು ಪಳಗಿದ ಕೈಗಳು ಹೇಳುತ್ತವೆ. ಒಳಗೋಡೆಯ ಮೇಲೆ ಕಾಣುವ ಗೀರು ಅನೇಕ ಸಲ ಗೀರೇ ಆಗಿರುವುದಿಲ್ಲ. ಪಿಸ್ಟನ್ನಿನ ಅಲ್ಯೂಮಿನಿಯಂ ಕರಗಿ ಅಲ್ಲಿ ಅಂಟಿರುತ್ತದೆ. ಕೆಳಗಿನ ನಿಕಾಸಿಲ್ ಲೇಪನ ಅದಕ್ಕಿಂತ ಎಷ್ಟೋ ಗಟ್ಟಿ. ಹೈಡ್ರೋಕ್ಲೋರಿಕ್ ಆಮ್ಲವನ್ನು ಹತ್ತಿಯ ತುದಿಯಲ್ಲಿ ಆ ಅಂಟಿನ ಮೇಲೆ ಮಾತ್ರ ತಾಗಿಸಿದರೆ ಬುರುಬುರು ನೊರೆ ಎದ್ದು ಅಲ್ಯೂಮಿನಿಯಂ ಕರಗುತ್ತದೆ. ಇದನ್ನು ಬಯಲಲ್ಲೇ, ಕೈಗವಸು ಕನ್ನಡಕ ಹಾಕಿಕೊಂಡೇ ಮಾಡಬೇಕು. ಕಿಂಡಿಗಳ ಅಂಚಿಗೆ ಆಮ್ಲ ಹರಿದರೆ ಸಿಲಿಂಡರನ್ನೇ ತಿನ್ನುತ್ತದೆ. ನೊರೆ ನಿಂತ ಮೇಲೆ ಧಾರಾಳ ನೀರಿನಲ್ಲಿ ತೊಳೆದು, ಒರೆಸಿ, ಎಣ್ಣೆ ಹಚ್ಚಬೇಕು. ಆಮೇಲೆ ಉಗುರಾಡಿಸಿದಾಗ ಎಲ್ಲೂ ಸಿಕ್ಕಿಕೊಳ್ಳದಿದ್ದರೆ ಹೊಸ ಪಿಸ್ಟನ್, ಹೊಸ ರಿಂಗು ಹಾಕಿ ಅದೇ ಸಿಲಿಂಡರಿನಲ್ಲಿ ವರ್ಷಗಟ್ಟಲೆ ದುಡಿಸಬಹುದು. ಲೇಪನವೇ ಎದ್ದುಹೋಗಿದ್ದರೆ ಬೇರೆ ದಾರಿಯಿಲ್ಲ. ಪಿಸ್ಟನ್ ಕೂರಿಸುವಾಗ ನೆತ್ತಿಯ ಮೇಲಿನ ಬಾಣದ ಗುರುತು ಸೈಲೆನ್ಸರ್ ಕಡೆಗಿರಬೇಕು. ಹಿಂದುಮುಂದಾದರೆ ರಿಂಗಿನ ತುದಿ ಕಿಂಡಿಗೆ ಸಿಕ್ಕಿ ಮುರಿಯುತ್ತದೆ.

ಕ್ಲಚ್ಚು ಬಿಚ್ಚಲು ಹೋಗಿ ಯಂತ್ರ ಮುರಿದವರು ಅನೇಕರು. ಬಹುತೇಕ ಗರಗಸಗಳಲ್ಲಿ ಅದರ ಮರೆ ಉಲ್ಟಾ. ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ಎಂಜಿನ್ ತಿರುಗದಂತೆ ತಡೆಯಲು ಪ್ಲಗ್ಗಿನ ತೂತಿನೊಳಗೆ ಒಂದು ತುಂಡು ನೈಲಾನ್ ಹಗ್ಗ ತುಂಬಿದರೆ ಪಿಸ್ಟನ್ ಅದಕ್ಕೆ ಒತ್ತಿ ಮೆತ್ತಗೆ ನಿಲ್ಲುತ್ತದೆ.

ಇಷ್ಟೆಲ್ಲ ಆಗಿ ಎಂಜಿನ್ ಎದ್ದರೂ ಹತ್ತು ನಿಮಿಷಕ್ಕೆ ನಿಂತುಬಿಡುವುದುಂಟು. ಆಗ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಸಡಿಲಿಸಿ ಕಿವಿಗೊಡಬೇಕು. ‘ಸುಸ್’ ಎಂದು ಗಾಳಿ ಒಳಸೇರಿದ ಸದ್ದಾಗಿ, ಮತ್ತೆ ಹಗ್ಗ ಎಳೆದಾಗ ಎದ್ದರೆ, ಟ್ಯಾಂಕಿಗೆ ಗಾಳಿ ಬಿಡುವ ಸೂಜಿತೂತು ಕಟ್ಟಿದೆ. ಐದು ನಿಮಿಷದ ಕೆಲಸ. ಇದೊಂದನ್ನು ನೋಡದೆ ಕಾಯಿಲ್, ಕಾರ್ಬುರೇಟರ್ ಎಲ್ಲ ಬದಲಾಯಿಸಿದವರಿದ್ದಾರೆ.

ಇನ್ನು ಚೈನು. ಇದರ ಹಲ್ಲಿನ ಆಕಾರದ ಹಿಂದೆ ಒಂದು ಹುಳು ಇದೆ. ಅಮೆರಿಕದ ಆರೆಗನ್ ರಾಜ್ಯದ ಮರಕಟುಕ ಜೋಸೆಫ್ ಕಾಕ್ಸ್ 1946ರಲ್ಲಿ ಒಂದು ಮರದ ಬೊಡ್ಡೆಯೊಳಗೆ ಕೊರಕ ಹುಳು ಎಡಕ್ಕೊಮ್ಮೆ ಬಲಕ್ಕೊಮ್ಮೆ ಕಚ್ಚುತ್ತಾ ಗಟ್ಟಿ ಮರವನ್ನು ಸಲೀಸಾಗಿ ಕೊರೆಯುವುದನ್ನು ಕಂಡ. ಅದರ ‘ಸಿ’ ಆಕಾರದ ದವಡೆಯನ್ನು ಉಕ್ಕಿನಲ್ಲಿ ಮೂಡಿಸಿ, ಒಂದು ಹಲ್ಲು ಎಡಕ್ಕೆ ಒಂದು ಬಲಕ್ಕೆ ಕೂರಿಸಿ, 1947ರಲ್ಲಿ ಪೋರ್ಟ್‌ಲ್ಯಾಂಡಿನಲ್ಲಿ ಕಂಪನಿ ಕಟ್ಟಿದ. ಇಂದಿಗೂ ಚೈನುಗಳ ಮೂಲ ರಚನೆ ಅದೇ. ಕಾಫಿ ಬೆಳೆಗಾರರ ನಿದ್ದೆಗೆಡಿಸುವ ಬಿಳಿ ಕಾಂಡಕೊರಕವೂ ಆ ಹುಳುವೂ ಒಂದೇ ಕುಟುಂಬಕ್ಕೆ ಸೇರಿದ ದುಂಬಿಗಳ ಮರಿಗಳು.

ಚೈನು ಚೂಪಾಗಿದೆಯೇ ಎಂಬುದನ್ನು ಗರಗಸದಡಿ ಬೀಳುವ ಮರದ ಚೂರೇ ಹೇಳುತ್ತದೆ. ಚಕ್ಕೆ ಚಕ್ಕೆಯಾಗಿ ಬಿದ್ದರೆ ಚೂಪು. ಹಿಟ್ಟಿನ ಹಾಗೆ ಉದುರಿದರೆ ಮೊಂಡು. ಮೊಂಡು ಚೈನಿನಲ್ಲಿ ಒತ್ತಿ ಒತ್ತಿ ಕೊಯ್ಯುವುದರಿಂದ ಎಂಜಿನ್, ಕ್ಲಚ್ಚು, ಚೈನು ಓಡುವ ಬಾರು ಮೂರೂ ಸವೆಯುತ್ತವೆ. ಸಣ್ಣ ಗರಗಸಗಳ ಚೈನಿಗೆ 4 ಮಿ.ಮೀ., ಮಧ್ಯಮದವಕ್ಕೆ 4.8 ಮಿ.ಮೀ. ದುಂಡು ಅರ ಬೇಕು. ಸಾಮಾನ್ಯವಾಗಿ 30 ಡಿಗ್ರಿ ಓರೆಯಲ್ಲಿ, ಒಳಗಿನಿಂದ ಹೊರಕ್ಕೆ ಮಾತ್ರ, ಪ್ರತಿ ಹಲ್ಲಿಗೂ ಅಷ್ಟೇ ಸಲ ಉಜ್ಜಬೇಕು. ಒಂದು ಬದಿಯ ಹಲ್ಲು ಗಿಡ್ಡವಾದರೆ ಗರಗಸ ನೇರ ಕೊಯ್ಯದೆ ಪಕ್ಕಕ್ಕೆ ಎಳೆಯುತ್ತದೆ. ಹಲ್ಲಿನ ಮುಂದಿನ ಗೂಟವನ್ನು ಆಗಾಗ ಚಪ್ಪಟೆ ಅರದಿಂದ ತಗ್ಗಿಸಬೇಕು, ಹಲ್ಲಿಗಿಂತ ಸುಮಾರು 0.65 ಮಿ.ಮೀ. ತಗ್ಗಿರುವಷ್ಟು. ಇದಕ್ಕಿಂತ ಹೆಚ್ಚು ತಗ್ಗಿಸಿದರೆ ಚೈನು ಮರವನ್ನು ಕಚ್ಚಿ ಎಗರುತ್ತದೆ. ಬಾರಿನ ಕಾಲುವೆಯಲ್ಲಿ ಜಡ್ಡುಗಟ್ಟಿದ ಹೊಟ್ಟನ್ನು ಕೆರೆದು, ಎಣ್ಣೆಯ ತೂತು ಬಿಡಿಸಿ, ಬಾರನ್ನು ಮಗುಚಿ ಹಾಕಿದರೆ ಎರಡೂ ಅಂಚು ಸಮನಾಗಿ ಸವೆಯುತ್ತವೆ. ಚೈನಿಗೆ ಕಪ್ಪು ವೇಸ್ಟ್ ಆಯಿಲ್ ಸುರಿಯುವ ರೂಢಿ ಬಿಡಬೇಕು. ಅದರಲ್ಲಿರುವ ಲೋಹದ ಪುಡಿ ಪಂಪನ್ನು ತಿನ್ನುತ್ತದೆ, ಹಾರುವ ಹನಿ ಚರ್ಮಕ್ಕೂ ಉಸಿರಿಗೂ ಕೆಟ್ಟದ್ದು.

ಕಡೆಯ ಕೆಲಸ ಕಿವಿಯದು. ಕಾರ್ಬುರೇಟರಿನ ಎರಡು ತಿರುಪುಗಳನ್ನು ಮೆತ್ತಗೆ ಪೂರ್ತಿ ಮುಚ್ಚಿ ಒಂದೊಂದು ಸುತ್ತು ತೆರೆದು ಎಂಜಿನ್ ಎಬ್ಬಿಸಬೇಕು. ಬಿಸಿಯಾದ ಮೇಲೆ, ಮರಕ್ಕೆ ತಾಗಿಸದೆ ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ಸದ್ದು ಸ್ವಲ್ಪ ತೊದಲುತ್ತಿರಬೇಕು, ಮರಕ್ಕೆ ಹಿಡಿದ ಕೂಡಲೇ ತೊದಲು ಹೋಗಿ ತಿಳಿಯಾಗಬೇಕು. ಮೊದಲಿನಿಂದಲೇ ಕೀರಲು ಸದ್ದು ಬಂದರೆ ಪೆಟ್ರೋಲು ಕಡಿಮೆ ಎಂದರ್ಥ. ಆಕ್ಸಿಲರೇಟರ್ ಬಿಟ್ಟಾಗ ಚೈನು ಪೂರ್ತಿ ನಿಲ್ಲಬೇಕು.

ರಿಪೇರಿಯಾದ ಗರಗಸ ಮತ್ತೆ ಅಟ್ಟ ಹತ್ತದಿರಲು ಒಂದೇ ಉಪಾಯ ಇದೆ. ತಿಂಗಳಿಗಿಂತ ಹೆಚ್ಚು ದಿನ ಕೆಲಸ ಇಲ್ಲದಿದ್ದರೆ ಟ್ಯಾಂಕು ಖಾಲಿ ಮಾಡಿ, ಎಂಜಿನ್ ಎಬ್ಬಿಸಿ, ತಾನಾಗಿ ನಿಲ್ಲುವವರೆಗೆ ಓಡಲು ಬಿಡಿ. ಬೆರೆಸಿದ ಪೆಟ್ರೋಲನ್ನು ವಾರಕ್ಕೆ ಬೇಕಾದಷ್ಟೇ ಬೆರೆಸಿ.

ಒಂದು ಮಾತನ್ನು ಮಾತ್ರ ಯಾವ ರಿಯಾಯಿತಿಯೂ ಇಲ್ಲದೆ ಹೇಳಬೇಕಾಗಿದೆ. ಬಾರಿನ ತುದಿಯ ಮೇಲ್ಭಾಗ ಗಟ್ಟಿ ಏನಕ್ಕಾದರೂ ತಾಗಿದರೆ ಗರಗಸ ಕಣ್ಣು ಮಿಟುಕಿಸುವಷ್ಟರಲ್ಲಿ ಹಿಂದಕ್ಕೆ, ಹಿಡಿದವನ ಮುಖದ ಕಡೆಗೆ ಚಿಮ್ಮುತ್ತದೆ. ಆಗ ಚೈನನ್ನು ನಿಲ್ಲಿಸುವ ಬ್ರೇಕು ಬಂದದ್ದು 1970ರ ದಶಕದ ಆರಂಭದಲ್ಲಿ. ಅದಕ್ಕೂ ಹಿಂದಿನ ಮಾದರಿಗಳಲ್ಲಿ ಬ್ರೇಕು ಇರಲಿಲ್ಲ. ನಂತರದ ಎಷ್ಟೋ ಹಳೆಯ ಯಂತ್ರಗಳಲ್ಲಿ ಮುಂದಿನ ಹಿಡಿಯ ಎದುರಿನ ಗಾರ್ಡು ಮುರಿದು ಬ್ರೇಕು ಕೆಲಸ ಬಿಟ್ಟಿರುತ್ತದೆ. ರಿಪೇರಿ ಮುಗಿದ ಮೇಲೆ ಗರಗಸವನ್ನು ನೆಲದ ಮೇಲೆ ಗಟ್ಟಿಯಾಗಿ ಹಿಡಿದು, ಚೈನು ಓಡುತ್ತಿರುವಾಗ ಆ ಗಾರ್ಡನ್ನು ಮಣಿಕಟ್ಟಿನಿಂದ ಮುಂದಕ್ಕೆ ತಳ್ಳಿ ನೋಡಿ. ಚೈನು ತಟ್ಟನೆ ನಿಲ್ಲಬೇಕು. ನಿಲ್ಲದಿದ್ದರೆ ಬ್ರೇಕಿನ ಪಟ್ಟಿಯನ್ನೂ ಸ್ಪ್ರಿಂಗನ್ನೂ ಬದಲಾಯಿಸಿದ ಮೇಲೆಯೇ ತೋಟಕ್ಕೆ ಒಯ್ಯಿರಿ. ಬ್ರೇಕೇ ಇಲ್ಲದ ಕಾಲದ ಗರಗಸವಾದರೆ ಆಸೆಯಿಂದ ರಿಪೇರಿ ಮಾಡಿ, ಎಬ್ಬಿಸಿ, ಸದ್ದು ಕೇಳಿ, ಮಕ್ಕಳಿಗೆ ತೋರಿಸಿ. ಮರ ಕೊಯ್ಯಲು ಮಾತ್ರ ಅದನ್ನು ಯಾರ ಕೈಗೂ ಕೊಡಬೇಡಿ.